ಭಯವು ಧರಿಸುವ ವೇಷ

ಸಾಧಕನ ಮಾರ್ಗದಲ್ಲಿ ವಿಘ್ನಗಳು ಹಲವು. ಅವುಗಳಲ್ಲಿ ಕ್ರೋಧ ಲೋಭಗಳನ್ನು ಗುರುತಿಸುವುದು ಕಷ್ಟವಲ್ಲ. ಕ್ರೋಧ ಬಂದರೆ ಕಣ್ಣು ಕೆಂಪಾಗುವುದು; ಲೋಭ ಬಂದರೆ ಕೈ ಬಿಗಿಯಾಗುವುದು. ಭಯವಾದರೋ ತನ್ನ ನಿಜರೂಪದಿಂದ ಬರುವುದು ಅಪರೂಪ. ಅದು ವಿವೇಕದ ವೇಷದಿಂದ, ವಿನಯದ ವೇಷದಿಂದ, ಒಮ್ಮೊಮ್ಮೆ ಮನೆತನದ ಸಂಪ್ರದಾಯದ ವೇಷದಿಂದ ಒಳಹೊಕ್ಕು ಹಿರಿಯನಂತೆ ಗದ್ದುಗೆಯೇರಿ ಕುಳಿತುಬಿಡುವುದು. ಅದನ್ನು ಅರಿಯದವನು ಅದರ ಪಾದ ತೊಳೆದು ಉಪಚರಿಸುವನು.

12ನೆಯ ಶತಮಾನದಲ್ಲಿ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯು ಭಕ್ತರಿಗೆಲ್ಲ ತಿಳಿದದ್ದೇ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡೊಡನೆಯೇ, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಿರುಗಿಸಿದಳು. ಲೋಕವು ಇದನ್ನು ಆಸೆಯ ನಿರಾಕರಣವೆಂದು ಬಣ್ಣಿಸುವುದು, ಅದು ಸರಿಯೇ. ಆದರೆ ಆಸೆಯ ಬೇರನ್ನು ಅಗೆದು ನೋಡಿದರೆ ಅಲ್ಲಿ ಸಿಕ್ಕುವುದು ಭಯವೇ. ‘ನಾಳೆ ಸಿಕ್ಕದೆ ಹೋದರೆ?’ ಎಂಬ ಒಂದು ಶಂಕೆಯೇ ಕೂಡಿಡುವ ಕೈಯನ್ನು ನಡೆಸುವುದು. ಹೊರಗೆ ಅದರ ಹೆಸರು ಮುಂದಾಲೋಚನೆ. ಒಳಗೆ ಅದು ಶಿವನಲ್ಲಿ ಅಪನಂಬಿಕೆ.

ಇದೇ ಪ್ರಸಂಗದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಲಕ್ಕಮ್ಮನ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಪತಿಯ ಹೆಸರನ್ನು ಲಿಂಗದ ಹೆಸರಿನೊಡನೆ ಸೇರಿಸಿಕೊಂಡ ಸತಿಯು ಆಕೆ. ಆ ದಿನ ಸುಮ್ಮನಿದ್ದಿದ್ದರೂ ಲೋಕವು ಅದನ್ನು ವಿನಯವೆಂದೇ ಹೊಗಳುತ್ತಿತ್ತು. ಆದರೆ ಎದುರಾಡಲು ಅಂಜಿ ತೆಪ್ಪಗಿರುವುದು ವಿನಯವಲ್ಲ. ಪ್ರೀತಿಯಿಂದ ಸತ್ಯವನ್ನು ನುಡಿದುದರಿಂದಲೇ ಇಬ್ಬರ ಭಕ್ತಿಯೂ ಬೆಳೆಯಿತು.

ಹಾಗಾದರೆ ಗೃಹಸ್ಥನು ತನ್ನೊಳಗಿನ ಭಯವನ್ನು ಗುರುತಿಸುವ ಬಗೆ ಯಾವುದು? ಅದಕ್ಕೆ ಮೂರು ಲಕ್ಷಣಗಳುಂಟು.

ಮೊದಲನೆಯದು, ಕಾರಣವು ಬದಲಾಗುತ್ತಿರುವುದು. ‘ಮಗಳ ಮದುವೆ ಮುಗಿಯಲಿ, ಆಮೇಲೆ ನಿತ್ಯವೂ ಲಿಂಗಪೂಜೆಗೆ ಕುಳಿತುಕೊಳ್ಳುವೆ’ ಎನ್ನುವವನು, ಮದುವೆ ಮುಗಿದೊಡನೆ ಸಾಲ ತೀರಲಿ ಎನ್ನುವನು. ಸಾಲ ತೀರಿದರೆ ಮನೆ ಕಟ್ಟಿ ಮುಗಿಯಲಿ ಎನ್ನುವನು. ನಿಜವಾದ ಅಡ್ಡಿಯು ತೀರಿದರೆ ದಾರಿ ತೆರೆಯುವುದು. ಭಯವು ಕಟ್ಟಿದ ಅಡ್ಡಿಯಾದರೆ ಒಂದು ತೀರಿದೊಡನೆ ಮತ್ತೊಂದು ಹುಟ್ಟುವುದು.

ಎರಡನೆಯದು, ದೃಷ್ಟಿಯು ಲಿಂಗವನ್ನು ಬಿಟ್ಟು ಮಂದಿಯ ಮುಖದ ಕಡೆ ಹರಿಯುವುದು. ಕುಲಭೇದ ಸಲ್ಲದೆಂದು ಬಲ್ಲವನೂ ತನ್ನ ಮನೆಯ ಪಂಕ್ತಿಯ ಮಾತು ಬಂದಾಗ ‘ಹಿರಿಯರು ನಡೆದುಕೊಂಡು ಬಂದದ್ದು’ ಎನ್ನುವನು. ಹಿರಿಯರ ಮೇಲಣ ಗೌರವವೋ, ನೆರೆಯವರ ನಾಲಗೆಯ ಅಂಜಿಕೆಯೋ? ಯಾರೂ ನೋಡದಿದ್ದರೆ ತಾನು ಹೇಗೆ ನಡೆಯುತ್ತಿದ್ದೆನೆಂದು ಆತನೇ ಕೇಳಿಕೊಂಡರೆ ಉತ್ತರವು ಸಿಕ್ಕುವುದು.

ಮೂರನೆಯದು, ಹಿಂದೆಗೆದ ಮೇಲೆ ಉಳಿಯುವ ಮನಸ್ಸಿನ ಸ್ಥಿತಿ. ವಿವೇಕದಿಂದ ಬಿಟ್ಟ ಕಾರ್ಯವು ಶಾಂತಿಯನ್ನು ಕೊಡುವುದು. ಭಯದಿಂದ ಬಿಟ್ಟದ್ದು ಆ ಕ್ಷಣಕ್ಕೆ ನಿರಾಳವೆನಿಸಿದರೂ, ರಾತ್ರಿ ಮಲಗಿದಾಗ ಕಾಲಿನ ಮುಳ್ಳಿನಂತೆ ಚುಚ್ಚುವುದು.

ಎಲ್ಲ ಅಂಜಿಕೆಯೂ ತ್ಯಾಜ್ಯವೆಂದು ಇದರ ಅರ್ಥವಲ್ಲ. ಪಾಪಕ್ಕೆ ಅಂಜುವುದು ಶೀಲದ ಬೇಲಿ. ಅದು ಕೆಡಕಿನ ಕಡೆ ಹೋಗುವ ಕಾಲನ್ನು ತಡೆಯುವುದು. ಒಳಿತಿನ ಕಡೆ ಹೋಗುವ ಕಾಲನ್ನು ತಡೆಯುವ ಅಂಜಿಕೆಯಾದರೋ ಬೇಲಿಯಲ್ಲ, ಸಂಕೋಲೆ. ಷಟ್‌ಸ್ಥಲದಲ್ಲಿ ಭಕ್ತಸ್ಥಲದ ಮೇಲೆ ಮಾಹೇಶ್ವರಸ್ಥಲವಿದೆ. ಅದರ ಲಕ್ಷಣ ನಿಷ್ಠೆ. ಶ್ರದ್ಧೆಯುಳ್ಳವರು ಅನೇಕರು ಆ ಮೊದಲ ಮೆಟ್ಟಿಲಲ್ಲಿಯೇ ನಿಂತುಬಿಡುವರು. ಅರಿವಿಲ್ಲದೆ ಅಲ್ಲ, ಹೆಜ್ಜೆಯೆತ್ತಲು ಅಂಜಿ.

ಭಯವು ಹುಟ್ಟುವುದು ದೋಷವಲ್ಲ. ಅದಕ್ಕೆ ಗದ್ದುಗೆ ಕೊಡುವುದು ದೋಷ. ಆದಕಾರಣ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ದೃಷ್ಟಿಯಿಟ್ಟಾಗ, ತಾನು ಬಹುದಿನದಿಂದ ಮುಂದೂಡುತ್ತ ಬಂದ ಒಂದು ಸತ್ಕಾರ್ಯವನ್ನು ಭಕ್ತನು ನೆನೆಯಲಿ. ಅದಕ್ಕೆ ತಾನು ಕೊಡುತ್ತಿರುವ ಕಾರಣವನ್ನು ಲಿಂಗದ ಮುಂದೆ ಬಾಯಿಬಿಟ್ಟು ಹೇಳಲಿ. ಮಂದಿಯ ಮುಂದೆ ಸುಲಭವಾಗಿ ಆಡಿದ ಮಾತು ಅಲ್ಲಿ ತೊದಲಿದರೆ ಅದು ಭಯವೆಂದು ತಿಳಿಯಲಿ. ತಿಳಿದ ದಿನವೇ, ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಸುರಿದಂತೆ, ಅದನ್ನೂ ಸುರಿದು ಬರಲಿ.