ಹತ್ತು ದ್ವೀಪ, ಒಂದೇ ಸ್ಥಾನ: ಪ್ರಾತಿನಿಧ್ಯದ ತಾತ್ವಿಕ ಪ್ರಶ್ನೆ

ಲಕ್ಷದ್ವೀಪದ ಆಂದ್ರೋತ್ ದ್ವೀಪದಲ್ಲಿ 1941ರಲ್ಲಿ ಹುಟ್ಟಿದ ಪಿ. ಎಂ. ಸಯೀದ್ 1967ರಿಂದ 1999ರವರೆಗೆ ಸತತವಾಗಿ ಹತ್ತು ಲೋಕಸಭಾ ಚುನಾವಣೆಗಳನ್ನು ಗೆದ್ದರು. ಹನ್ನೊಂದನೆಯ ಸಲ, 2004ರಲ್ಲಿ, ಕೇವಲ 71 ಮತಗಳಿಂದ ಸೋತರು. ಒಬ್ಬನು ಹಲವರ ಪರವಾಗಿ ನಿಲ್ಲುವುದು ಯಾವ ನ್ಯಾಯದ ಮೇಲೆ ಎಂಬುದು ರಾಜಕೀಯ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ದೊಡ್ಡ ಕ್ಷೇತ್ರಗಳ ಗದ್ದಲದಲ್ಲಿ ಮಸುಕಾಗುವ ಈ ಪ್ರಶ್ನೆಯ ಮಗ್ಗುಲುಗಳೆಲ್ಲ ಸಯೀದರ ರಾಜಕೀಯ ಜೀವನದಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

1956ರ ನವೆಂಬರ್‌ವರೆಗೆ ಈ ದ್ವೀಪಗಳು ಮದ್ರಾಸ್ ರಾಜ್ಯದಲ್ಲಿದ್ದವು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೂ ಉಳಿದವು ಮಲಬಾರಿಗೂ ಸೇರಿದ್ದವು. ಕೊಬ್ಬರಿಯನ್ನೂ ತೆಂಗಿನ ನಾರಿನ ಹುರಿಯನ್ನೂ ತುಂಬಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದ ಹಾಯಿದೋಣಿಗಳು ಅಕ್ಕಿ ಹೇರಿಕೊಂಡು ಮರಳುತ್ತಿದ್ದವು. ಸಯೀದ್ ಓದಿದ್ದೂ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ; ಮುಂದೆ ಮುಂಬಯಿಯಲ್ಲಿ ಕಾನೂನು ಕಲಿತರು. ಕೇಂದ್ರಾಡಳಿತ ಪ್ರದೇಶವಾದ ಮೇಲೂ ದ್ವೀಪಗಳ ಸಂಸದನನ್ನು ರಾಷ್ಟ್ರಪತಿಯೇ ನಾಮಕರಣ ಮಾಡುತ್ತಿದ್ದರು. ಜನ ತಾವೇ ಮತ ಹಾಕಿ ಸಂಸದನನ್ನು ಆರಿಸಿದ್ದು 1967ರಲ್ಲಿ. ಗೆದ್ದ ಸಯೀದರಿಗೆ ಆಗ ಇಪ್ಪತ್ತಾರರ ಆಸುಪಾಸು.

ಮೊದಲ ಪ್ರಶ್ನೆ ಸಂಖ್ಯೆಯದು. 2024ರ ಚುನಾವಣೆಯಲ್ಲಿ ಬೆಂಗಳೂರು ಉತ್ತರ ಕ್ಷೇತ್ರದ ಮತದಾರರು 30 ಲಕ್ಷ ದಾಟಿದ್ದರೆ, ಲಕ್ಷದ್ವೀಪದವರು 60 ಸಾವಿರವನ್ನೂ ಮುಟ್ಟಿರಲಿಲ್ಲ. ಎರಡೂ ಕಡೆಗೆ ಒಂದೊಂದೇ ಸ್ಥಾನ. ಪ್ರತಿ ಮತಕ್ಕೂ ಸಮಾನ ತೂಕವಿರಬೇಕು ಎನ್ನುವವರಿಗೆ ಇದು ಅನ್ಯಾಯವಾಗಿ ತೋರುತ್ತದೆ. ಆದರೆ ಲಕ್ಷದ್ವೀಪಕ್ಕೆ ವಿಧಾನಸಭೆಯಿಲ್ಲ. ಅಲ್ಲಿ ಆಡಳಿತ ನಡೆಸುವುದು ಕೇಂದ್ರ ನೇಮಿಸಿದ ಆಡಳಿತಾಧಿಕಾರಿ. ಸಂವಿಧಾನದ 240ನೇ ವಿಧಿಯಡಿ ರಾಷ್ಟ್ರಪತಿ ಹೊರಡಿಸುವ ನಿಯಮಾವಳಿಗೆ ಸಂಸತ್ತಿನ ಕಾಯ್ದೆಯಷ್ಟೇ ಬಲವಿದೆ. ಬೆಂಗಳೂರಿನ ಮತದಾರನ ಪರವಾಗಿ ಶಾಸನಸಭೆಯಲ್ಲಿ ಕೂರಲು ಶಾಸಕನೂ ಇದ್ದಾನೆ. ದ್ವೀಪವಾಸಿಗೆ ಇರುವುದು ಸಂಸದನೊಬ್ಬನೇ. ಜನಸಂಖ್ಯೆಯ ಲೆಕ್ಕವನ್ನೇ ಹಿಡಿದು ಆ ಸ್ಥಾನವನ್ನು ಕೇರಳದ ಯಾವುದಾದರೂ ಕರಾವಳಿ ಕ್ಷೇತ್ರಕ್ಕೆ ಸೇರಿಸಿದರೆ ಲೆಕ್ಕ ಸರಿಹೋದೀತು, ದ್ವೀಪಗಳ ದನಿ ಮಾತ್ರ ಅಡಗಿಹೋಗುತ್ತದೆ. ಪ್ರಾತಿನಿಧ್ಯ ಬಿಡಿ ವ್ಯಕ್ತಿಗಳಿಗಷ್ಟೇ ಸಲ್ಲುವುದಲ್ಲ, ಬೇರೆಯೇ ಬದುಕುಳ್ಳ ಸಮುದಾಯಕ್ಕೂ ಸಲ್ಲುತ್ತದೆ ಎಂಬ ವಾದ ನಿಂತಿರುವುದು ಇಲ್ಲಿ.

ಎರಡನೆಯದು ಹೋಲಿಕೆಯ ಪ್ರಶ್ನೆ. ತಾನೂ ತಂದೆತಾಯಿಗಳಿಬ್ಬರೂ ದ್ವೀಪಗಳಲ್ಲೇ ಹುಟ್ಟಿದ್ದರೆ ಅಂಥವರು ಪರಿಶಿಷ್ಟ ಪಂಗಡದವರು. ಲೋಕಸಭಾ ಸ್ಥಾನವೂ ಆ ಪಂಗಡಕ್ಕೆ ಮೀಸಲು. ಸಯೀದ್ ಮೊದಲ ಸಲ ಗೆದ್ದ 1967ರಲ್ಲೇ ಹ್ಯಾನಾ ಪಿಟ್ಕಿನ್ ಪ್ರಾತಿನಿಧ್ಯದ ಪರಿಕಲ್ಪನೆಯನ್ನು ಕುರಿತ ಗ್ರಂಥ ಪ್ರಕಟಿಸಿದರು. ಜನರನ್ನು ಹೋಲುವುದು ಬೇರೆ, ಜನರಿಗಾಗಿ ಕೆಲಸ ಮಾಡುವುದು ಬೇರೆ ಎಂದು ಅದರಲ್ಲಿ ಅವರು ವಿಂಗಡಿಸಿದರು. ಲಕ್ಷದ್ವೀಪ ಈ ವಿಂಗಡಣೆಗೆ ಪುಷ್ಟಿ ಕೊಡುತ್ತದೆ. ಉತ್ತರದ ದ್ವೀಪಗಳ ಆಡುಮಾತು ಮಲಯಾಳಂ ಬಗೆಯದು, ದಕ್ಷಿಣದ ಮಿನಿಕಾಯಿಯದು ಮಾಲ್ಡೀವ್ಸ್ ನುಡಿಗೆ ಹತ್ತಿರದ ಮಹಲ್. ಆಂದ್ರೋತಿನವನೊಬ್ಬ ಮಿನಿಕಾಯಿಯವರನ್ನು ಪೂರ್ತಿಯಾಗಿ ಹೋಲಲಾರ, ಆದರೂ ಅವರ ಪರವಾಗಿ ದುಡಿಯಬಲ್ಲ.

ಮೂರನೆಯದು ಕರ್ತವ್ಯದ ಪ್ರಶ್ನೆ. ಆರಿಸಿದವರ ಅಪ್ಪಣೆಯಂತೆ ನಡೆಯಬೇಕೋ, ಸ್ವಂತ ವಿವೇಚನೆಯಂತೆಯೋ? ಸದಸ್ಯ ಕ್ಷೇತ್ರದ ದೂತನಲ್ಲ, ಇಡೀ ರಾಷ್ಟ್ರದ ಹಿತ ನೋಡಬೇಕಾದವನು ಎಂದು 1774ರಲ್ಲಿ ಬ್ರಿಸ್ಟಲ್ ಮತದಾರರ ಮುಂದೆ ಎಡ್ಮಂಡ್ ಬರ್ಕ್ ವಾದಿಸಿದ. ಸಯೀದ್ 1990ರ ದಶಕದಲ್ಲಿ ಕೇಂದ್ರದ ರಾಜ್ಯ ಸಚಿವರಾದರು. 1998ರ ಡಿಸೆಂಬರಿನಲ್ಲಿ ಲೋಕಸಭೆಯ ಉಪಸಭಾಧ್ಯಕ್ಷರಾದರು. ಪೀಠದಲ್ಲಿ ಕುಳಿತವರು ಪಕ್ಷ ವಹಿಸುವಂತಿಲ್ಲ, ಮತಗಳು ಸಮಸಮವಾದಾಗ ಹೊರತು ಮತ ಹಾಕುವಂತೆಯೂ ಇಲ್ಲ. ಹೀಗೆ ದ್ವೀಪಗಳಿಗಿದ್ದ ಒಂದೇ ಮತ ಅವರು ಪೀಠದಲ್ಲಿದ್ದಷ್ಟು ಹೊತ್ತು ಸದನದ ಸೇವೆಗೆ ಮುಡಿಪಾಗುತ್ತಿತ್ತು. ಗೌರವ ದೊಡ್ಡದು, ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಬರ್ಕ್‌ನ ವಾದ ದೊಡ್ಡ ನಾಡಿಗೆ ಒಪ್ಪುವಷ್ಟು ಸಲೀಸಾಗಿ ಒಬ್ಬನೇ ಸದಸ್ಯನುಳ್ಳ ಪ್ರದೇಶಕ್ಕೆ ಒಪ್ಪುವುದಿಲ್ಲ.

ಕೊನೆಯದು ಸಮ್ಮತಿಯ ಪ್ರಶ್ನೆ. 1971ರಲ್ಲಿ ಸಯೀದ್ ಅವಿರೋಧವಾಗಿ ಆಯ್ಕೆಯಾದರು. ಎದುರಾಳಿಯೇ ಇಲ್ಲದ ಆಯ್ಕೆಯಲ್ಲಿ ಜನ ಒಪ್ಪಿದರೋ ಸುಮ್ಮನಿದ್ದರೋ ಎಂದು ಹೇಳುವುದು ಕಷ್ಟ. 2004ರ ಫಲಿತಾಂಶದಲ್ಲಿ ಆ ಸಂದಿಗ್ಧವಿರಲಿಲ್ಲ. ಜನತಾದಳ (ಯು)ದ ಪಿ. ಪೂಕುಂಞಿ ಕೋಯ ಎದುರು ಸಯೀದ್ ಸೋತರು. ಆದರೂ ಅವರು ಮನಮೋಹನ್ ಸಿಂಗ್ ಸಂಪುಟದಲ್ಲಿ ಇಂಧನ ಸಚಿವರಾಗಿ ದೆಹಲಿಯಿಂದ ರಾಜ್ಯಸಭೆಗೆ ಬಂದರು. ಪ್ರತಿನಿಧಿಸುವ ರಾಜ್ಯದಲ್ಲೇ ನೆಲೆಸಿರಬೇಕೆಂಬ ಷರತ್ತನ್ನು 2003ರ ತಿದ್ದುಪಡಿ ತೆಗೆದುಹಾಕಿತ್ತು. ಬ್ರಿಸ್ಟಲ್‌ನಲ್ಲಿ ಜನರ ಒಲವು ಕಳೆದುಕೊಂಡ ಬರ್ಕ್ ಕೂಡ ಪೋಷಕರ ಹಿಡಿತದಲ್ಲಿದ್ದ ಮಾಲ್ಟನ್ ಕ್ಷೇತ್ರದಿಂದ ಸಂಸತ್ತಿಗೆ ಮರಳಿದ್ದ. ಕ್ಷೇತ್ರ ಕೈಬಿಟ್ಟ ಮೇಲೂ ಸದನದಲ್ಲಿ ಉಳಿಯಬಹುದು. ಆಗ ಸದಸ್ಯತ್ವಕ್ಕೆ ಆಧಾರ ಪಕ್ಷವೇ ಹೊರತು ಹಳೆಯ ಮತದಾರರಲ್ಲ. 2005ರ ಡಿಸೆಂಬರಿನಲ್ಲಿ, ಸಚಿವ ಸಂಪುಟದಲ್ಲಿರುವಾಗಲೇ, ಸಯೀದ್ ಸೋಲ್ ನಗರದಲ್ಲಿ ತೀರಿಕೊಂಡರು.

ಪ್ರಾತಿನಿಧ್ಯಕ್ಕೆ ಬುಡವಾಗಿರುವುದು ಸಂಖ್ಯೆಯೂ ಅಲ್ಲ, ಹೋಲಿಕೆಯೂ ಅಲ್ಲ, ಪದವಿಯೂ ಅಲ್ಲ; ಆರಿಸಿದವರೇ ಇಳಿಸಬಲ್ಲರು ಎಂಬ ಸ್ಥಿತಿ. ಮೂವತ್ತೇಳು ವರ್ಷ ತಮ್ಮ ಸಂಸದನಾಗಿದ್ದವನನ್ನು ದ್ವೀಪವಾಸಿಗಳು 71 ಮತಗಳ ಅಂತರದಿಂದ ಇಳಿಸಿದರು. ನಿತ್ಯದ ಆಡಳಿತ ನಡೆಸುವ ಆಡಳಿತಾಧಿಕಾರಿಯನ್ನು ಹಾಗೆ ಇಳಿಸುವ ಮತ ಮಾತ್ರ ಅವರ ಕೈಯಲ್ಲಿಲ್ಲ.