ಮಲ್ಲಯ್ಯನಿಗೆ ಮುಟ್ಟುವುದು ನಡಿಗೆಯೋ, ನೋವೋ?

ಹೋಳಿ ಹುಣ್ಣಿಮೆ ಮುಗಿಯುತ್ತಿದ್ದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಊರುಗಳಿಂದ ಕಂಬಿ ಹೊತ್ತ ಜನ ಶ್ರೀಶೈಲದ ಹಾದಿ ಹಿಡಿಯುತ್ತಾರೆ. ಯುಗಾದಿಯ ಹೊತ್ತಿಗೆ ಅಲ್ಲಿನ ದೇವರು ಮಲ್ಲಯ್ಯನ ಎದುರು ನಿಂತಿರಬೇಕು. ನಾನು ಫಿಸಿಯೋಥೆರಪಿಸ್ಟ್. ಆ ದಿನಗಳಲ್ಲಿ ರಾಯಚೂರಿನತ್ತ ಹೋಗುವ ರಸ್ತೆಯ ಒಂದು ದಾಸೋಹದ ಪೆಂಡಾಲಿನಲ್ಲಿ ಕೂತು ನಡೆದುಬಂದವರ ಪಾದ ನೋಡುವುದು ನನ್ನ ಸೇವೆ. ಅಲ್ಲಿ ಮತ್ತೆ ಮತ್ತೆ ಕೇಳುವ ಮಾತು ಒಂದೇ: "ನೋವು ಇರ್ಲಿ ಬಿಡ್ರಿ ಅಕ್ಕಾರ, ಅದೂ ಮಲ್ಲಯ್ಯಗ ಮುಟ್ತದ."

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಹೇಳುವವರು ಸುಮ್ಮನೆ ಹೇಳುವುದಿಲ್ಲ. ಬಿಸಿ ಡಾಂಬರಿನ ಮೇಲೆ ಬರಿಗಾಲಲ್ಲಿ ಬಂದವರು ಅವರು. ಆದರೆ ಅದು ನಿಜವೇ? ನೋವು ದೇವರಿಗೆ ಮುಟ್ಟುತ್ತದೆಯೇ? ಮುಟ್ಟುವುದಾದರೆ, ಅದನ್ನು ಕಡಿಮೆ ಮಾಡುವ ನನ್ನ ಕೈ ಏನು ಮಾಡುತ್ತಿದೆ?

ಮೊದಲು ಆ ನೋವು ಎಲ್ಲಿಂದ ಬರುತ್ತದೆ ಎಂದು ನೋಡೋಣ. ಪೆಂಡಾಲಿಗೆ ಬರುವವರಲ್ಲಿ ನಲವತ್ತು ದಾಟಿದವರೇ ಹೆಚ್ಚು. ಬಹುಪಾಲು ಜನರ ದೂರು ಒಂದೇ ಬಗೆಯದು: ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಊರಿದಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತೆ, ನಾಲ್ಕು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲ, ಸಂಜೆ ಮತ್ತೆ ಜೋರು. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಪ್ಲಾಂಟಾರ್ ಫೇಶಿಯಾ ಎಂಬ ಗಟ್ಟಿ ನಾರಿನ ಪಟ್ಟಿಯಿದೆ. ಪಾದದ ಕಮಾನನ್ನು ಎತ್ತಿ ಹಿಡಿಯುವುದು ಅದೇ. ವರ್ಷವಿಡೀ ಅಷ್ಟಾಗಿ ನಡೆಯದವರು ಒಮ್ಮೆಲೇ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ನಡೆದರೆ ಆ ಪಟ್ಟಿ ಮೂಳೆಗೆ ಅಂಟುವ ಜಾಗದಲ್ಲಿ ಸಣ್ಣಸಣ್ಣದಾಗಿ ಹರಿಯುತ್ತದೆ. ರಾತ್ರಿ ಮಲಗಿದಾಗ ಅದು ಬಿಗಿಯುತ್ತದೆ, ಬೆಳಗಿನ ಮೊದಲ ಹೆಜ್ಜೆ ಆ ಬಿಗಿತವನ್ನು ಎಳೆಯುತ್ತದೆ. ಮೈತೂಕ, ಬಿಗಿದ ಮೀನಖಂಡ, ಮನೆಯ ಗಟ್ಟಿ ಕಲ್ಲುಹಾಸಿನ ಮೇಲೆ ದಿನವಿಡೀ ಬರಿಗಾಲಲ್ಲಿ ನಿಲ್ಲುವುದು, ಇವೆಲ್ಲ ಅದಕ್ಕೆ ಕೂಡಿಕೊಳ್ಳುತ್ತವೆ.

ಅನೇಕರು ಎಕ್ಸ್‌ರೇ ಹಿಡಿದುಕೊಂಡೇ ಬರುತ್ತಾರೆ. "ಎಲುಬು ಬೆಳದೈತಂತ್ರಿ, ಆಪರೇಷನ್ ಮಾಡ್ಸಬೇಕಂತ." ಹಿಮ್ಮಡಿಯಲ್ಲಿ ಮೂಳೆಯ ಮೊನೆ ಬೆಳೆದಿದ್ದೂ ಒಂದು ದಿನವೂ ನೋಯದವರು ಬೇಕಾದಷ್ಟು ಜನ ಇದ್ದಾರೆ, ಮೊನೆಯೇ ಇಲ್ಲದೆ ನರಳುವವರೂ ಇದ್ದಾರೆ. ಹೆಚ್ಚಿನವರಿಗೆ ಕತ್ತರಿ ಬೇಕಾಗುವುದಿಲ್ಲ. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲನ್ನು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನ ಕಡೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಹೀಗೆ ಹತ್ತು ಸಲ. ಗೋಡೆಗೆ ಕೈಕೊಟ್ಟು, ಹಿಂದಿನ ಹಿಮ್ಮಡಿ ನೆಲ ಬಿಡದಂತೆ ಮೀನಖಂಡವನ್ನು ಅರ್ಧ ನಿಮಿಷ ಎಳೆಯಬೇಕು. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಬೇಕು. ಇದನ್ನು ಬಿಡದೆ ಮಾಡಿದವರಲ್ಲಿ ಬಹುತೇಕರಿಗೆ ಕೆಲವು ತಿಂಗಳಲ್ಲಿ, ತಡವಾದರೆ ವರ್ಷದೊಳಗೆ ಗುಣವಾಗುತ್ತದೆ. ಸ್ಟಿರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ನಿಜ. ಆದರೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ, ಮೇಲೆ ಆ ಪಟ್ಟಿಯೇ ಹರಿಯುವ ಅಪಾಯವೂ ಇದೆ. ನಡಿಗೆ ಮುಗಿಸಲಿಕ್ಕೆಂದು ದಾರಿಯಲ್ಲಿ ಅದನ್ನು ಚುಚ್ಚಿಸಿಕೊಳ್ಳುವುದಕ್ಕೆ ನಾನು ಪೂರ್ತಿ ವಿರೋಧಿ.

ಎಲ್ಲ ಹಿಮ್ಮಡಿ ನೋವೂ ಇದಲ್ಲ. ಹಿಮ್ಮಡಿಯ ಹಿಂದೆ, ಮೇಲ್ಗಡೆ ನೋಯುತ್ತಿದ್ದರೆ ಅದು ಅಕಿಲಿಸ್ ಸ್ನಾಯುರಜ್ಜುವಿನದು. ವಯಸ್ಸಾದವರಲ್ಲಿ ಹಿಮ್ಮಡಿಯಡಿಯ ಕೊಬ್ಬಿನ ಮೆತ್ತೆ ತೆಳುವಾಗಿ ನಟ್ಟನಡುವೆ ನೋಯುತ್ತದೆ. ಹಿಮ್ಮಡಿಯನ್ನು ಎರಡೂ ಬದಿಯಿಂದ ಅದುಮಿದಾಗ ಚೀರುವಂತಾದರೆ ಮೂಳೆ ಬಿರುಕು ಬಿಟ್ಟಿರಬಹುದು. ಅಲ್ಲಿಗೆ ನಡಿಗೆ ನಿಲ್ಲಲೇಬೇಕು. ಗುಳ್ಳೆಗಳ ವಿಷಯ ಒಂದೇ ಮಾತು: ಮೇಲಿನ ಚರ್ಮ ಕೀಳಬೇಡಿ, ಸೂಜಿಯಿಂದ ದಾರ ಪೋಣಿಸಿ ಬಿಡಬೇಡಿ, ದಾರದ ಜೊತೆ ಸೋಂಕೂ ಒಳಗೆ ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡಿದವರು ಮಾತ್ರ ನೋವೇ ಇಲ್ಲದವರು. ಒಮ್ಮೆ ಒಬ್ಬ ಅಜ್ಜ ನಗುನಗುತ್ತ ಬಂದು ಕೂತರು. ಜೊತೆಯವರಿಗೆ ಅವರ ಮೇಲೆ ಅಪಾರ ಭಕ್ತಿ. "ನಮ್ಮ ಅಜ್ಜಗ ಏನೂ ಆಗಂಗಿಲ್ರಿ, ಮಲ್ಲಯ್ಯನ ಕೃಪಾ. ಒಂದ್ ಸಲನೂ ಅಬ್ಬಾ ಅಂದಿಲ್ಲ." ಪಾದ ತೊಳೆದು ನೋಡಿದರೆ ಹೆಬ್ಬೆರಳ ಬುಡದಲ್ಲಿ ರೂಪಾಯಿ ಬಿಲ್ಲೆಯಷ್ಟಗಲದ ಹುಣ್ಣು, ಅದರೊಳಗೆ ಒಂದು ಜಲ್ಲಿಚೂರು. ಅಜ್ಜನಿಗೆ ಹಳೆಯ ಸಕ್ಕರೆ ಕಾಯಿಲೆ. ತೆಳು ನೈಲಾನ್ ಎಳೆಯಿಂದ ಅಂಗಾಲನ್ನು ಒತ್ತಿ ಒತ್ತಿ ಕೇಳಿದೆ, "ಅಜ್ಜಾರ, ಈಗ ಗೊತ್ತಾಗ್ತದೇನ್ರಿ?" ಎಲ್ಲಿ ಒತ್ತಿದರೂ ಗೊತ್ತಾಗಲಿಲ್ಲ. ಜೊತೆಯವರು ಕೃಪೆ ಎಂದುಕೊಂಡದ್ದು ನರಗಳು ಸತ್ತದ್ದು. ಅವರನ್ನು ಆಸ್ಪತ್ರೆಗೆ ಕಳಿಸಿದೆವು. ಹರಕೆಯ ಉಳಿದ ದಾರಿಯನ್ನು ಮಗ ನಡೆದ.

ಅಂದಿನಿಂದ ನನಗೆ ಒಂದು ವಿಷಯ ಖಚಿತವಾಗಿದೆ. ನೋವೇ ಭಕ್ತಿಯ ಅಳತೆಯಾಗಿದ್ದರೆ ಆ ಅಜ್ಜನ ಭಕ್ತಿ ಸೊನ್ನೆ ಎನ್ನಬೇಕಾಗುತ್ತದೆ. ನೋವಿಲ್ಲದಿರುವುದೇ ಕೃಪೆಯ ಗುರುತಾಗಿದ್ದರೆ ಕಾಲು ಕಳೆದುಕೊಳ್ಳಲಿದ್ದವರೇ ಎಲ್ಲರಿಗಿಂತ ಕೃಪಾಪಾತ್ರರು ಎನ್ನಬೇಕಾಗುತ್ತದೆ. ಎರಡನ್ನೂ ಒಪ್ಪುವುದು ಸಾಧ್ಯವಿಲ್ಲ. ವೆಲ್ಲೂರಿನಲ್ಲಿ 1946ರಿಂದ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಪಾದಗಳಲ್ಲಿ ಕಂಡದ್ದೂ ಇದನ್ನೇ. ರೋಗ ತಾನಾಗಿ ಬೆರಳು ತಿನ್ನುವುದಿಲ್ಲ. ನೋವು ತಿಳಿಯದ ಪಾದ ಗಾಯದ ಮೇಲೇ ನಡೆದು ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ದೈವಭಕ್ತರಾದ ಅವರು ನೋವನ್ನು ದೇವರ ಕೊಡುಗೆ ಎಂದು ಕರೆದರು. ನಾನು ಒಪ್ಪುತ್ತೇನೆ. ನೋವು ದೇವರು ನಮಗೆ ಕೊಟ್ಟದ್ದು, ನಾವು ಅವನಿಗೆ ಕೊಡುವುದಲ್ಲ. ಕೊಟ್ಟದ್ದು ಕೇಳಿಸಿಕೊಳ್ಳಲಿ ಎಂದು.

"ಹಂಗಾದ್ರ ಚಪ್ಲಿ ಹಾಕ್ಕೊಂಡ್ರ ಹರಕಿ ಮುರಿಯಂಗಿಲ್ಲೇನ್ರಿ?" ಎಂದು ಹೆಣ್ಣುಮಕ್ಕಳು ಕೇಳುತ್ತಾರೆ. ಆಗ ನಾನು ಹರಳಯ್ಯನವರ ಕಥೆ ತೆಗೆಯುತ್ತೇನೆ. ಕಲ್ಯಾಣದ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ, ಬಸವಣ್ಣ ಮರಳಿ ಮಾಡಿದ ಶರಣಾರ್ಥಿಯ ಋಣ ತೀರಿಸಲು ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಹೊಲಿದರು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನೋವಿನ ಅರ್ಪಣೆ ಎಂದರೆ ಇದಕ್ಕಿಂತ ದೊಡ್ಡದು ಯಾವುದಿದೆ? ಆದರೆ ಆ ದಂಪತಿಗಳು ನೊಂದದ್ದು ಇನ್ನೊಬ್ಬರ ಪಾದ ನೋಯದಿರಲಿ ಎಂದು. ಬಸವಣ್ಣನವರಾದರೋ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು. ಶರಣರ ಲೆಕ್ಕದಲ್ಲಿ ಪಾದರಕ್ಷೆ ಮೈಲಿಗೆಯಲ್ಲ, ಮತ್ತೊಬ್ಬರ ಮೈನೋವು ತುಳಿಯುವ ವಸ್ತುವೂ ಅಲ್ಲ. ಕಾಲಿಗೆ ಮೆತ್ತನೆಯ ಚಪ್ಪಲಿ ಹಾಕಿ ಮಲ್ಲಯ್ಯನ ಕಡೆ ನಡೆಯುವವಳ ಹರಕೆಗೆ ಯಾವ ಕುಂದೂ ಇಲ್ಲ.

ಇದಕ್ಕೆ ಎದುರಾದ ಮಾತೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ ಶಿವನು ವಟುವಿನ ವೇಷದಲ್ಲಿ ಬಂದು, ಮೈ ತಾಳುವಷ್ಟೇ ತಪಸ್ಸು ಮಾಡುತ್ತಿದ್ದೀಯ ತಾನೆ ಎಂದು ಪಾರ್ವತಿಯನ್ನು ವಿಚಾರಿಸುತ್ತಾನೆ. ಪಾರ್ವತಿ ಆ ಅಳತೆ ಮೀರಿ ಎಲೆಯನ್ನೂ ತಿನ್ನದೆ ಅಪರ್ಣೆಯಾಗಿದ್ದವಳು. ಶಿವ ಕೊನೆಗೆ ಒಲಿದದ್ದೂ ಅವಳಿಗೇ. ಹಾಗಾಗಿ ಕಠಿಣ ವ್ರತಕ್ಕೆ ಬೆಲೆಯಿಲ್ಲ ಎಂದು ನಾನು ಹೇಳಲಾರೆ. ಮಗನನ್ನು ಕಳೆದುಕೊಂಡು ನಡೆಯುತ್ತಿದ್ದ ತಾಯಿಯೊಬ್ಬರು ಗುಳ್ಳೆಗೆ ಮುಲಾಮು ಬೇಡವೆಂದರು. "ಇದು ನೋಯೂತನ ಅದು ಸ್ವಲ್ಪ ಮರೀತದ ತಂಗಿ" ಎಂದರು. ಅವರ ಪಾದ ತೊಳೆದು, ಸ್ವಚ್ಛ ಬಟ್ಟೆ ಕಟ್ಟಿ, ಮುಲಾಮು ಹಚ್ಚದೆ ಕಳಿಸಿದೆ. ವಾರದಲ್ಲಿ ಮಾಯುವ ನೋವನ್ನು ಹೊರುವ ಹಕ್ಕು ಅವರದು. ಮೂಳೆ ಬಿರುಕು, ಸಕ್ಕರೆ ಕಾಯಿಲೆಯ ಹುಣ್ಣು, ಕೆಂಪೇರಿ ಜ್ವರ ತಂದ ಪಾದ, ಇವು ಬೇರೆ. ಅಲ್ಲಿ ನಾನು ದಾರಿಗೆ ಅಡ್ಡ ನಿಲ್ಲುತ್ತೇನೆ.

ಅಡ್ಡ ನಿಂತಾಗ ನನ್ನ ಬೆಂಬಲಕ್ಕೆ ಭ್ರಮರಾಂಬೆ ಇದ್ದಾಳೆ. ಅವಳನ್ನು ನಮ್ಮ ಕಡೆಯವರು ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ನಂಬಿದ್ದಾರೆ. ಯುಗಾದಿಗೆ ಅವಳಿಗೆ ಸೀರೆ, ಕುಪ್ಪಸ ಒಯ್ಯುವುದು ಅದಕ್ಕೇ. ಹಟ ಹಿಡಿದ ಹಿರಿಯರಿಗೆ ನಾನು ಕೇಳುವುದು ಇಷ್ಟೇ: "ಮಗಳ ಮನಿಗೆ ಹೊಂಟೀರಿ. ಕೊಳೆತ ಕಾಲು ನೋಡಿದ್ರ ಆಕಿ ಹಬ್ಬ ಮಾಡ್ತಾಳೇನ್ರಿ?" ಬಹಳ ಜನ ಅಲ್ಲಿಗೆ ಮೆತ್ತಗಾಗುತ್ತಾರೆ.

ವೆಂಕಟಾಪುರ ದಾಟಿ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳದ ನಲ್ಲಮಲ ಕಾಡುದಾರಿ ಸೇರಿದ ಮೇಲೆ ಡಾಕ್ಟರು ಸಿಗುವುದು ಕಷ್ಟ. ಕೈಲಾಸ ದ್ವಾರದ ಏರು ಬರುವುದೂ ಆ ಕೊನೆಯಲ್ಲೇ. ಆದ್ದರಿಂದ ಮುಂದಿನ ವರ್ಷ ಹೊರಡುವವರಿಗೆ ಈಗಲೇ ಹೇಳುತ್ತೇನೆ: ಸಂಕ್ರಾಂತಿಯಿಂದ ನಡಿಗೆ ಶುರು ಮಾಡಿ, ವಾರ ವಾರಕ್ಕೆ ಸ್ವಲ್ಪಸ್ವಲ್ಪ ದೂರ ಹೆಚ್ಚಿಸಿ. ಸವೆದ ಚಪ್ಪಲಿ ಬದಲಿಸಿ, ಹೊಸತನ್ನು ಮನೆಯಲ್ಲೇ ಹಾಕಿ ಪಳಗಿಸಿ. ಸಕ್ಕರೆ ಕಾಯಿಲೆಯಿದ್ದವರು ಪಾದ ತೋರಿಸದೆ ಹೊರಡಬೇಡಿ. ದಾರಿಯಲ್ಲಿ ದಿನಾ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಕಣ್ಣು ಮಂಜಾದವರು ಮೊಮ್ಮಕ್ಕಳಿಂದ ನೋಡಿಸಿಕೊಳ್ಳಿ. ಇದನ್ನೆಲ್ಲ ವ್ರತ ಹಿಡಿಯುವ ಮುಂಚಿನ ಕೆಲಸ ಎಂದುಕೊಳ್ಳದೆ ವ್ರತದ್ದೇ ಭಾಗ ಎಂದುಕೊಳ್ಳಿ.