ಓಗೊಡದ ಗಾಡಿಗೊಂದು ಹೆಸರು

ಕಬ್ಬು ನುರಿಸುವ ಹಂಗಾಮಿನಲ್ಲಿ ಬೈಲಹೊಂಗಲ–ಸವದತ್ತಿ ರಸ್ತೆಗೆ ಬಂದರೆ ಟ್ರ್ಯಾಕ್ಟರಿನ ನಂಬರ್ ಪ್ಲೇಟ್ ನೋಡುವ ಗೊಡವೆಯೇ ಬೇಡ. 'ರೇಣುಕಾ ಯಲ್ಲಮ್ಮ' ಎಂದಿದ್ದರೆ ಬಹುಶಃ ಸವದತ್ತಿ ಗುಡ್ಡದ ಕಡೆಯದು. 'ಗೊಡಚಿ ವೀರಭದ್ರ' ಎಂದರೆ ರಾಮದುರ್ಗದ್ದು. 'ಕ್ರಾಂತಿವೀರ ರಾಯಣ್ಣ' ಎಂದರೆ ಸಂಗೊಳ್ಳಿಯ ಸುತ್ತಿನದು. ಎಂಜಿನ್ನಿನ ಮುಂದೆ ದೇವರು, ವೀರರು. ಹಿಂದಿನ ಟ್ರೇಲರಿನಲ್ಲಿ ಮನೆಯವರು: 'ಅವ್ವನ ಆಶೀರ್ವಾದ', ಎರಡು ಗುಲಾಬಿ ಹೂವಿನ ನಡುವೆ ಮಕ್ಕಳ ಹೆಸರು, ತೀರಾ ಕೆಳಗೆ 'ನೋಡಿ ಉರಕೋಬ್ಯಾಡ್ರಿ'.

ಚಕ್ಕಡಿಗೆ ಹೆಸರಿರಲಿಲ್ಲ, ಎತ್ತಿಗಿತ್ತು. ಭಾರತ ಹುಣ್ಣಿಮೆಗೆ ಗುಡ್ಡ ಹತ್ತುವ ಸಾಲಿನಲ್ಲಿ 'ಬಸವಾ' ಎಂದರೆ ಒಂದು ಜೋಡಿ ಕಿವಿ ನಿಮಿರುತ್ತಿತ್ತು. ಎಂಜಿನ್ನಿಗೆ ಕಿವಿಯಿಲ್ಲ. ಆದರೂ ಕರೆದು ರೂಢಿಯಾದ ಬಾಯಿ ಕಬ್ಬಿಣಕ್ಕೂ ಹೆಸರಿಟ್ಟಿತು. ಓಗೊಡಲಾರದ್ದಕ್ಕೆ ಹೆಸರೇಕೆ?

ಆಕಾಶಕ್ಕೆ ಹೋದವರೂ ಈ ಚಾಳಿ ಬಿಟ್ಟಿಲ್ಲ. ಅಮೆರಿಕದ ಮೊದಲ ಬಾಹ್ಯಾಕಾಶ ಷಟಲ್‌ಗೆ 'ಕಾನ್‌ಸ್ಟಿಟ್ಯೂಷನ್' ಎಂದು ಹೆಸರಿಡಬೇಕಿತ್ತು. 'ಸ್ಟಾರ್ ಟ್ರೆಕ್' ಧಾರಾವಾಹಿಯ ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದು, 1976ರಲ್ಲಿ ಅದಕ್ಕೆ ಕಥೆಯೊಳಗಿನ ನೌಕೆಯ ಹೆಸರನ್ನೇ ಇಡಿಸಿದರು: 'ಎಂಟರ್‌ಪ್ರೈಸ್'. ಸ್ಕಾಟ್ಲೆಂಡಿನ ಕಾದಂಬರಿಕಾರ ಇಯಾನ್ ಬ್ಯಾಂಕ್ಸ್ ತನ್ನ ನೌಕೆಗಳಿಗೆ ಇಡೀ ವಾಕ್ಯಗಳನ್ನೇ ಹೆಸರಾಗಿಸಿದ. ಅದರಲ್ಲೊಂದು, 'ನಿನ್ನ ಮ್ಯಾಲೆ ಈಗಲೂ ಪ್ರೀತಿ ಐತಿ' ಎಂಬರ್ಥದ್ದು. ನಮ್ಮ ಟ್ರೇಲರಿನ ಹಿಂದೆ ಬರೆದರೂ ಯಾರೂ ಬೆಚ್ಚಿಬೀಳರು. ಸ್ಪೇಸ್‌ಎಕ್ಸ್ ಕಂಪನಿ ಅದನ್ನೇ ಎತ್ತಿಕೊಂಡು, ಸಮುದ್ರದ ಮೇಲೆ ರಾಕೆಟ್ ಇಳಿಸಿಕೊಳ್ಳುವ ತನ್ನ ಹಡಗಿಗೆ ಇಟ್ಟಿತು.

ಹೆಸರಿಗೆ ಮನುಷ್ಯರಿಗಿಲ್ಲದ ಸಂಚಾರಭಾಗ್ಯವಿದೆ. 1824ರಲ್ಲಿ ಬ್ರಿಟಿಷರನ್ನು ಸೋಲಿಸಿದ ಕಿತ್ತೂರಿನ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಕೋಟೆಯ ಗೋಡೆ ದಾಟಲಾಗದವಳ ಹೆಸರು ಈಗ ರೈಲಾಗಿ ರಾತ್ರಿಯಿಡೀ ಬೆಂಗಳೂರಿಗೆ ಓಡುತ್ತದೆ. ಸಮುದ್ರವೇ ಇಲ್ಲದ ಕಿತ್ತೂರು, ಕರಾವಳಿ ಕಾವಲು ಪಡೆಯ ಹಡಗಿನ ಮೈಮೇಲೆ ಅಲೆ ಸೀಳಿತು. ಪ್ಲಾಟ್‌ಫಾರ್ಮಿನಲ್ಲಿ 'ಚೆನ್ನಮ್ಮ ಬಂದ್ಲೇನ್ರಿ?' ಎಂದು ಕೇಳುವವರಿಗೆ ಅದು ರೈಲೋ ರಾಣಿಯೋ ಎಂಬ ಗೊಂದಲವಿಲ್ಲ.

2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರ ಲ್ಯಾಂಡರಿಗೆ ವಿಕ್ರಮ್ ಸಾರಾಭಾಯಿ ಅವರ ಹೆಸರು. ಅಲ್ಲಿನ ಹದಿನಾಲ್ಕು ದಿನಗಳ ಇರುಳು ಕಳೆದ ಮೇಲೆ, ಸೆಪ್ಟೆಂಬರ್ 22ರಂದು ಇಸ್ರೋ ಅದನ್ನು ಎಬ್ಬಿಸಲು ನೋಡಿತು. ಉತ್ತರ ಬರಲಿಲ್ಲ. ಒಂದು ಯಂತ್ರ ಕೆಟ್ಟಿತೆಂದು ಯಾರೂ ಅನ್ನಲಿಲ್ಲ. 'ವಿಕ್ರಮ ಏಳಲೇ ಇಲ್ಲ' ಎಂದರು.

ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಗಾಡಿಗಳು ತೂಕಕ್ಕೆ ಕಾದು ನಿಂತಿರುತ್ತವೆ. ಡ್ರೈವರ್ ಚಹಾ ಕುಡಿಯಲು ಇಳಿದುಹೋಗಿರುತ್ತಾನೆ. ಹಿಂದಿನವನು ಕೂಗುತ್ತಾನೆ: 'ಏ ವೀರಭದ್ರ, ಗಾಡಿ ಮುಂದ ತಗಿಯೋ!' ಡ್ರೈವರನ ಸ್ವಂತ ಹೆಸರು ಏನಾದರೂ ಇರಲಿ, ಲೋಟ ಕೆಳಗಿಟ್ಟು 'ಬಂದ್ನಿ' ಅನ್ನುತ್ತಾನೆ. ಗಾಡಿ ಓಗೊಡದು, ಅದರ ಪರವಾಗಿ ಓಗೊಡುವವನು ಒಬ್ಬನಿದ್ದಾನೆ. ಹೆಸರಿಡುವುದೆಂದರೆ ಆ ಹೊಣೆಯನ್ನು ಹೊತ್ತುಕೊಳ್ಳುವುದೇ ಇರಬೇಕು. ಕೆಟ್ಟರೆ ಕಣ್ಣೀರು, ಗೆದ್ದರೆ ಗುಲಾಲು, ಎರಡೂ ಅವನದೇ.

ಮುಂದೊಂದು ದಿನ ನಕ್ಷತ್ರಗಳಾಚೆ ನೌಕೆ ಕಳಿಸುವವರು ಹೆಸರಿಗೆ ಸಮಿತಿ ನೇಮಿಸುವ ಮೊದಲು ರಾಮದುರ್ಗದ ಯಾವುದಾದರೂ ಪೇಂಟರನನ್ನು ಕೇಳಲಿ. ಬ್ರಷ್ ಅದ್ದುವ ಮೊದಲೇ ಅವನು ಕೇಳುತ್ತಾನೆ: 'ಗಾಡಿ ಯಾರ್ದ್ರೀ?'